ಮೈಸೂರಿನಲ್ಲಿದ್ದುಕೊಂಡು ಮಗಳನ್ನು ಸ್ಕೀ ರೇಸ್‌ಗೆ ತಯಾರು ಮಾಡಬಹುದಾ?

ಪ್ರಶ್ನೆ: ನಾವು ಮೈಸೂರಿನ ವಿಜಯನಗರದವರು. ಮಗಳಿಗೆ ಒಂಬತ್ತು ವರ್ಷ. ಮೂರು ವರ್ಷದಿಂದ ಇನ್‌ಲೈನ್ ಸ್ಕೇಟಿಂಗ್‌ಗೆ ಹೋಗುತ್ತಿದ್ದಾಳೆ. ಹೋದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿದ್ದಾಗ ನಾಲ್ಕು ದಿನ ಸ್ಕೀಯಿಂಗ್ ಕಲಿತಳು. ಆವತ್ತಿನಿಂದ ಮನೆಯಲ್ಲಿ ಸ್ಕೀ ರೇಸ್‌ನದ್ದೇ ಜಪ. ಮ್ಯೂನಿಕ್‌ನಲ್ಲಿರುವ ನನ್ನ ತಮ್ಮ ‘ಇಲ್ಲಿ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಶುರು ಮಾಡ್ತಾರಕ್ಕಾ, ನೀವು ಲೇಟಾದ್ರಿ’ ಅಂತಾನೆ. ಹತ್ತು ದಿನದ ಮಕ್ಕಳ ರೇಸಿಂಗ್ ಕ್ಯಾಂಪ್ ಒಂದರ ಜಾಹೀರಾತು ನೋಡಿದೆವು. ದುಡ್ಡು ಜಾಸ್ತಿ. ಸೇರಿಸಬಹುದಾ? ಹಿಮವೇ ಬೀಳದ ಊರಲ್ಲಿ ಏನು ತಯಾರಿ ಮಾಡಿಸೋದು? ಮಂಡಿ ಹೋಗುತ್ತೆ ಅಂತ ಅವಳ ಅಜ್ಜಿ ಬೇರೆ ಹೆದರಿದ್ದಾರೆ.

ಉತ್ತರ: ಕ್ಯಾಂಪ್‌ನ ವಿಷಯ ಮೊದಲು ಮುಗಿಸಿಬಿಡೋಣ. ಈ ವರ್ಷ ಅದು ಬೇಡ. ಕ್ಯಾಂಪ್ ಕೆಟ್ಟದ್ದು ಅಂತಲ್ಲ, ನಿಮ್ಮ ಮಗಳಿಗೆ ಈಗ ಬೇಕಿರುವುದು ಅದಲ್ಲ. ಅದೇ ದುಡ್ಡಿನಲ್ಲಿ ಎರಡು ವಾರದ ಮಾಮೂಲಿ ಸ್ಕೀ ಕೋರ್ಸ್ ಕೊಡಿಸಿ. ಮಿಕ್ಕ ವರ್ಷವೆಲ್ಲ ಮೈಸೂರಿನಲ್ಲೇ ಅವಳ ಕಾಲು, ಸೊಂಟ, ತೂಕದ ಹಿಡಿತ ಸರಿಮಾಡಿಸಿ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗೇಟ್ ಅಂದರೆ ಹಿಮದಲ್ಲಿ ನೆಟ್ಟ ಕಂಬಗಳು. ಗೇಟ್‌ಗಳ ನಡುವೆ ಸುತ್ತಿಕೊಂಡು ಇಳಿಯುವ ಸ್ಲಾಲಂನಲ್ಲಿ ಮಕ್ಕಳ ಒಂದು ಇಳಿತ ಮುಕ್ಕಾಲು ನಿಮಿಷದ ಆಸುಪಾಸು. ದಿನಕ್ಕೆ ಅಂಥ ಎಂಟು ಇಳಿತ ಸಿಕ್ಕರೆ ಅದು ಒಳ್ಳೆಯ ದಿನ. ಅಂದರೆ ಗೇಟ್‌ಗಳ ನಡುವೆ ಕಳೆದದ್ದು ಆರು ನಿಮಿಷ. ಹತ್ತು ದಿನಕ್ಕೆ ಒಂದು ಗಂಟೆ. ಅದೂ ಮಂಜು ಮುಸುಕದೆ, ಲಿಫ್ಟ್ ಕೆಡದೆ ಇದ್ದರೆ. ಆ ಒಂದು ಗಂಟೆಯನ್ನು ನೀವು ದುಬಾರಿ ಬೆಲೆಗೆ ಕೊಳ್ಳುತ್ತಿದ್ದೀರಿ.

ಒಂದು ಗಂಟೆಯಿಂದ ಲಾಭ ಕಡಿಮೆ ಅನ್ನುವುದು ದೊಡ್ಡ ವಿಷಯವಲ್ಲ. ನಷ್ಟವಾಗಬಹುದು ಅನ್ನುವುದೇ ನನ್ನ ಚಿಂತೆ. ನಾಲ್ಕು ದಿನ ಸ್ಕೀ ಮಾಡಿದ ಮಗುವಿಗೆ ಗೊತ್ತಿರುವುದು ಸ್ನೋಪ್ಲೋ ಒಂದೇ. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟು ತಿಕ್ಕಿಕೊಂಡು ವೇಗ ಕಡಿಮೆ ಮಾಡುವುದು. ಕಲಿಕೆಗೆ ಅದು ಸರಿಯಾದ ಮೊದಲ ಮೆಟ್ಟಿಲೇ. ಆದರೆ ಆ ಹಂತದಲ್ಲಿ ಗೇಟ್ ನೆಟ್ಟರೆ ಮಗು ದಾರಿ ನೋಡುವುದು ಬಿಟ್ಟು ಕಂಬ ನೋಡುತ್ತದೆ. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ. ತೂಕ ಹಿಮ್ಮಡಿಗೆ ಹೋಗುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಆಗ ಮಗು ತೋಳು, ಭುಜ ತಿರುಚಿ ಹೇಗೋ ತಿರುಗಿಕೊಳ್ಳುತ್ತದೆ. ಈ ಚಾಳಿ ಕೂತುಬಿಟ್ಟರೆ ಬಿಡಿಸಲು ವರ್ಷಗಳೇ ಬೇಕು. ಸ್ಕೀ ಸಂಸ್ಕೃತಿ ಇರುವ ದೇಶಗಳ ಒಳ್ಳೆಯ ಕ್ಲಬ್‌ಗಳಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಹೆಚ್ಚು ಹೊತ್ತು ಗೇಟ್ ಇಲ್ಲದೆಯೇ ಸ್ಕೀ ಮಾಡುತ್ತಾರೆ. ಒಂದು ಕಾಲಲ್ಲಿ, ಹಿಂದುಮುಂದಾಗಿ, ಉಬ್ಬು ತಗ್ಗಿನಲ್ಲಿ, ಕೈಯಲ್ಲಿ ಕೋಲಿಲ್ಲದೆ. ನೋಡುವವರಿಗೆ ಸುಮ್ನೆ ಆಟ ಅನ್ನಿಸುತ್ತದೆ. ಟ್ರೈನಿಂಗ್ ಅಂದರೆ ಅದೇ.

ಇನ್ನು ನಿಮ್ಮ ತಮ್ಮನ ಮಾತು. ಅಲ್ಲಿನ ಮಕ್ಕಳು ಬೇಗ ಶುರು ಮಾಡುತ್ತಾರೆ ಅನ್ನುವುದು ನಿಜ. ಬೇಗ ಶುರು ಮಾಡುವುದು ಬೇರೆ, ಬೇಗ ರೇಸ್ ಮಾಡುವುದು ಬೇರೆ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್‌ನ, ಅಂದರೆ ಎಫ್‌ಐಎಸ್‌ನ ಮಕ್ಕಳ ವಿಭಾಗಗಳೇ 14 ಮತ್ತು 16 ವರ್ಷದೊಳಗಿನವರಿಗೆ. ಪಾಯಿಂಟ್ ಸಿಗುವ ದೊಡ್ಡ ರೇಸ್‌ಗಳಿಗೆ ಬಾಗಿಲು ತೆರೆಯುವುದು 16ರ ಸುಮಾರಿಗೆ. ಅಲ್ಲಿಗೆ ನಿಮ್ಮ ಮಗಳ ಮುಂದೆ ಆರೇಳು ವರ್ಷ ಇದೆ. ನಾರ್ವೆಯನ್ನು ನೋಡಿ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಪದಕ ಗೆದ್ದ ದೇಶ ಅದು. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆ ನಿಯಮ ಮಾಡಿಟ್ಟಿದೆ. 11 ವರ್ಷಕ್ಕೆ ಮೊದಲು ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಹಾಕುವಂತಿಲ್ಲ. 13ಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ನಮ್ಮಲ್ಲಿ ಎಲ್‌ಕೆಜಿ ಮಕ್ಕಳಿಗೂ ಫಸ್ಟ್, ಸೆಕೆಂಡ್ ಕೊಡುತ್ತೇವೆ, ಅಲ್ವಾ?

ಹಾಗಂತ ಮೂರು ವರ್ಷಕ್ಕೇ ಹಿಮದ ಮೇಲೆ ನಿಂತ ಮಗುವಿಗೂ ನಿಮ್ಮ ಮಗಳಿಗೂ ವ್ಯತ್ಯಾಸವೇ ಇಲ್ಲ ಅನ್ನಲಾರೆ. ಇದೆ, ದೊಡ್ಡದೇ ಇದೆ. ಆ ಮಗು ಹತ್ತು ವರ್ಷಕ್ಕೆ ಕಳೆದ ಹಿಮದ ದಿನಗಳನ್ನು ನಿಮ್ಮವಳು ಇಪ್ಪತ್ತಕ್ಕೂ ಕಳೆಯದೆ ಇರಬಹುದು. ಇದನ್ನು ಈಗಲೇ ಒಪ್ಪಿಕೊಂಡರೆ ಮುಂದಿನ ತೀರ್ಮಾನಗಳು ಸುಲಭ. ಗುರಿ ವಿಶ್ವಕಪ್ ಅಂತ ಇಟ್ಟುಕೊಂಡು ಹೊರಟರೆ ಮನೆಯವರೆಲ್ಲ ಹಣ್ಣಾಗುತ್ತೀರಿ. ಒಳ್ಳೆಯ ಸ್ಕೀಯರ್ ಆಗಲಿ, ಹದಿಮೂರು ಹದಿನಾಲ್ಕಕ್ಕೆ ದೇಶದೊಳಗಿನ ರೇಸ್‌ಗಳಲ್ಲಿ ನಿಲ್ಲಲಿ ಅಂತ ಇಟ್ಟುಕೊಂಡರೆ ಅದು ಕೈಗೆಟುಕುವ ಗುರಿ.

ಭಾರತದಲ್ಲಿ ಈ ದಾರಿ ತುಳಿದವರು ಕಡಿಮೆ, ಆದರೆ ಇದ್ದಾರೆ. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಜೆರೆಮಿ ಬುಜಾಕೋವ್‌ಸ್ಕಿ ಭಾರತದ ಪರವಾಗಿ ಇಳಿದರು. 1988ರಲ್ಲಿ ಕ್ಯಾಲ್ಗರಿಗೆ ಹೋದ ಶೈಲಜಾ ಕುಮಾರ್ ಚಳಿಗಾಲದ ಒಲಿಂಪಿಕ್ಸ್ ಕಂಡ ನಮ್ಮ ಮೊದಲ ಹೆಣ್ಣುಮಗಳು. 2018ರಲ್ಲಿ ಮನಾಲಿ ಕಡೆಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ಸ್ಲಾಲಂ ಕಂಚು ಗೆದ್ದರು. ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಅಂತರರಾಷ್ಟ್ರೀಯ ಪದಕ ಅಂತ ಅದನ್ನು ಆಗ ಕೊಂಡಾಡಿದರು. 2022ರ ಬೀಜಿಂಗ್‌ನಲ್ಲಿ ಇಡೀ ಭಾರತ ತಂಡ ಅಂದರೆ ಆರಿಫ್ ಖಾನ್ ಒಬ್ಬರೇ, ಗೇಟ್‌ಗಳು ಇನ್ನೂ ದೂರ ದೂರ ಇರುವ ಜೈಂಟ್ ಸ್ಲಾಲಂನಲ್ಲಿ 45ನೆಯವರಾದರು. ಇವರಲ್ಲಿ ಆಂಚಲ್, ಆರಿಫ್ ಇಬ್ಬರೂ ಹಿಮದ ಪಕ್ಕದಲ್ಲೇ ಹುಟ್ಟಿ ಬೆಳೆದವರು. ನಮ್ಮ ಕಡೆಯವರು ಬೇಕು ಅಂದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದ್ದಾರೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಅವರದ್ದು ಇಳಿಜಾರಿನ ಸ್ಕೀಯಿಂಗ್ ಅಲ್ಲ, ಹಿಮದ ಬಯಲಲ್ಲಿ ದೂರ ಸಾಗುವ ಕ್ರಾಸ್ ಕಂಟ್ರಿ. ಅಲ್ಲಿ ಉಸಿರಿನ ಶಕ್ತಿಗೆ ಬೆಲೆ ಹೆಚ್ಚು, ತಡವಾಗಿ ಶುರು ಮಾಡಿದವರಿಗೂ ಜಾಗ ಇದೆ. ಮುಂದೊಂದು ದಿನ ಮಗಳಿಗೆ ಓಟವೇ ಇಷ್ಟ ಅನ್ನಿಸಿದರೆ ಆ ದಾರಿಯನ್ನೂ ಮರೆಯಬೇಡಿ.

ಈಗ ಮೈಸೂರಿನಲ್ಲಿ ಏನು ಮಾಡಿಸೋದು ಅನ್ನುವ ಪ್ರಶ್ನೆಗೆ ಬರೋಣ. ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ಸ್ಕೇಟಿಂಗ್. ಅದನ್ನು ಬಿಡಿಸಬೇಡಿ, ಸ್ವಲ್ಪ ತಿರುಗಿಸಿಕೊಳ್ಳಿ.

ರಿಂಕ್‌ನಲ್ಲಿ ಮಕ್ಕಳು ಓಡುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಯಾವಾಗಲೂ ಎಡಕ್ಕೇ ತಿರುವು. ಮೂರು ವರ್ಷ ಹೀಗೆ ಓಡಿದ ಮಗುವಿನ ಎಡ ತಿರುವು ಸೊಗಸಾಗಿರುತ್ತದೆ, ಬಲ ತಿರುವು ಮುಗ್ಗರಿಸುತ್ತದೆ. ಸ್ಕೀಯಲ್ಲಿ ಎಡ ಬಲ ಎರಡೂ ಸಮ ಇರಬೇಕು. ನಿಮ್ಮ ಕೋಚ್‌ಗೆ ಹೇಳಿ, ವಾರಕ್ಕೊಂದು ದಿನ ಉಲ್ಟಾ ಸುತ್ತು ಹಾಕಿಸಲಿ. ಮೊದಲೆರಡು ವಾರ ಮಗಳು ಗೊಣಗುತ್ತಾಳೆ, ಗೊಣಗಲಿ.

ಎರಡನೆಯದು ಮೈಯ ಭಂಗಿ. ಸ್ಪೀಡ್ ಸ್ಕೇಟರ್ ತಿರುವಿನಲ್ಲಿ ಇಡೀ ಮೈಯನ್ನು ಒಳಕ್ಕೆ ಒರಗಿಸುತ್ತಾಳೆ, ಹೊರಗಿನ ಕಾಲನ್ನು ಎತ್ತಿ ಒಳಗಿನದರ ಮುಂದೆ ದಾಟಿಸುತ್ತಾಳೆ. ಸ್ಕೀಯಲ್ಲಿ ಕಾಲು ದಾಟಿಸುವಂತಿಲ್ಲ. ತಿರುವಿನ ಹೊರಗಿನ ಸ್ಕೀ ಮೇಲೆಯೇ ತೂಕ ಇರಬೇಕು. ಸೊಂಟ, ಮಂಡಿ ಒಳಕ್ಕೆ ಬಾಗುತ್ತವೆ, ಆದರೆ ಎದೆ ಇಳಿಜಾರಿನ ಕಡೆಗೇ ನೋಡುತ್ತಿರಬೇಕು, ಹೊರಗಿನ ಭುಜ ಮೇಲೇಳಬಾರದು. ಇದು ಯಾಕೆ ಅಂದರೆ, ಸ್ಕೀ ನೆಟ್ಟಗಿನ ಹಲಗೆಯಲ್ಲ. ತುದಿಗಳು ಅಗಲ, ನಡು ಸಣ್ಣ. ಅದನ್ನು ಅಂಚಿನ ಮೇಲೆ ನಿಲ್ಲಿಸಿ ತೂಕ ಹಾಕಿದರೆ ಬಿಲ್ಲಿನ ಹಾಗೆ ಬಾಗಿ ತಾನಾಗಿಯೇ ತಿರುಗುತ್ತದೆ. ಒಳಗಿನ ಕಾಲಿಗೆ ತೂಕ ಹೋದ ಕ್ಷಣ ಹೊರಗಿನ ಸ್ಕೀ ಬಾಗುವುದು ನಿಲ್ಲುತ್ತದೆ, ಮಗು ಕೆಳಗೆ ಕೂರುತ್ತದೆ. ಇದನ್ನು ಚಕ್ರದ ಮೇಲೆಯೇ ಕಲಿಸಬಹುದು. ಸ್ವಲ್ಪವೇ ಇಳಿಜಾರಿರುವ, ವಾಹನ ಬಾರದ ಕಾಂಕ್ರೀಟ್ ಜಾಗ ಹುಡುಕಿ. ಐದಾರು ಹೆಜ್ಜೆಗೊಂದರಂತೆ ಕೋನ್ ಇಡಿ. ತಿರುವಿನ ಹೊರಗಿನ ಕೈಯಿಂದ ಹೊರಗಿನ ಮಂಡಿಯನ್ನು ಮುಟ್ಟುತ್ತಾ ಹೋಗಲಿ. ಇಷ್ಟು ಮಾಡಿದರೆ ಭಂಗಿ ಅರ್ಧ ಸರಿಯಾಗುತ್ತದೆ. ಕೋನ್‌ಗಳನ್ನು ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಇಡಬೇಡಿ. ನಿಜವಾದ ರೇಸ್‌ನಲ್ಲಿ ಹಾಗೆ ಇರುವುದಿಲ್ಲ.

ಅಂದಹಾಗೆ, ರೇಸ್‌ಗೆ ಮುಂಚೆ ಆ ಗೇಟ್‌ಗಳ ನಡುವೆ ಪ್ರಾಕ್ಟೀಸ್ ಇಳಿತ ಸಿಗುವುದಿಲ್ಲ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಸ್ಲಾಲಂನಲ್ಲೂ ಜೈಂಟ್ ಸ್ಲಾಲಂನಲ್ಲೂ ಆಟಗಾರರು ಪಕ್ಕದಲ್ಲಿ ನಿಧಾನಕ್ಕೆ ಜಾರಿಕೊಂಡು ಹೋಗಿ ಕೋರ್ಸ್ ನೋಡಿಕೊಳ್ಳುತ್ತಾರೆ ಅಷ್ಟೇ. ಆಮೇಲೆ ಕಣ್ಣು ಮುಚ್ಚಿ, ಕೈ ಆಡಿಸುತ್ತಾ ಮನಸ್ಸಿನಲ್ಲೇ ಇಳಿಯುತ್ತಾರೆ. ಎರಡನೆಯ ಸುತ್ತಿಗೆ ಗೇಟ್‌ಗಳನ್ನೇ ಬದಲಿಸುತ್ತಾರೆ, ಎರಡೂ ಸುತ್ತಿನ ಸಮಯ ಕೂಡಿಸಿ ಫಲಿತಾಂಶ. ಹಾಗಾಗಿ ನೀವು ಕೋನ್ ಇಟ್ಟ ಮೇಲೆ ಮಗಳು ಒಮ್ಮೆ ನಡೆದು ನೋಡಲಿ. ಬೆನ್ನು ತಿರುಗಿಸಿ ಎಲ್ಲೆಲ್ಲಿ ಬಿಗಿ ತಿರುವು ಇದೆ ಅಂತ ಹೇಳಲಿ. ಆಮೇಲೆ ಇಳಿಯಲಿ. ಈ ಆಟ ಮಕ್ಕಳಿಗೆ ಹುಚ್ಚು ಹಿಡಿಸುತ್ತದೆ, ಖರ್ಚೂ ಇಲ್ಲ.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸ್ಕೇಟ್ ಹಾಕಿಕೊಂಡು ಇಳಿಸೋಣ ಅಂತ ಯಾರಾದರೂ ಹುರುಪಿನಲ್ಲಿ ಹೇಳಿದರೆ ಖಡಾಖಂಡಿತ ಬೇಡ ಅನ್ನಿ. ಬಸ್ಸು, ಬೈಕು, ತಿರುವು. ಅಲ್ಲಿ ಬೀಳುವುದು ಹಿಮದ ಮೇಲಲ್ಲ.

ಆದರೆ ಬೆಟ್ಟದ ಮೆಟ್ಟಿಲು ಬೇರೆ. ಸಾವಿರದ ಎಂಟು ಮೆಟ್ಟಿಲು ಹತ್ತುವುದೇ ತಯಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಕೀಗೆ ಹತ್ತಿರ ಇರುವುದು ಇಳಿಯುವುದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಇಳಿಯುವಾಗ ಉದ್ದವಾಗುತ್ತಾ ಭಾರ ತಡೆಯುತ್ತದೆ. ಸ್ಕೀ ತಿರುವಿನಲ್ಲಿ ತೊಡೆ ಮಾಡುವುದು ಈ ಎರಡನೆಯ ಥರದ ಕೆಲಸ. ಅದಕ್ಕೇ ಮೊದಲ ದಿನ ಸ್ಕೀ ಮಾಡಿದವರಿಗೆ ಮಾರನೆ ದಿನ ಕಮೋಡ್ ಮೇಲೆ ಕೂರುವುದೂ ಕಷ್ಟ. ವಾರಕ್ಕೊಂದು ಬೆಳಿಗ್ಗೆ ನಂದಿಯವರೆಗೆ ಹತ್ತಿ, ನಿಧಾನವಾಗಿ, ಮಂಡಿ ಒಳಕ್ಕೆ ಬಾಗದ ಹಾಗೆ ಇಳಿಯಲಿ. ಒಂಬತ್ತು ವರ್ಷದ ಮಗುವಿಗೆ ಅಷ್ಟು ಸಾಕು. ಓಡಿಸಬೇಡಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಆಗ ಕುಕ್ಕರಹಳ್ಳಿ ಕೆರೆ ಏರಿಯ ನಡಿಗೆಯೇ ವಾಸಿ.

ಜಿಮ್, ಭಾರ ಎತ್ತುವುದು ಈಗ ಬೇಡ. ಅದರ ಬದಲು ಖೋ ಖೋ ಆಡಿಸಿ. ನಾನು ಇದನ್ನು ಹೇಳಿದಾಗ ಪೋಷಕರು ನಗುತ್ತಾರೆ. ಖೋ ಖೋದಲ್ಲಿ ಓಡಿಬಂದು ಕಂಬ ಹಿಡಿದು ತಿರುಗುವ ಹುಡುಗಿಯನ್ನು ಒಮ್ಮೆ ಗಮನಿಸಿ. ಸೊಂಟ ಕೆಳಗೆ, ಒಳಕ್ಕೆ. ಹೊರಗಿನ ಕಾಲು ನೆಲವನ್ನು ಒತ್ತುತ್ತಿರುತ್ತದೆ. ಕಣ್ಣು ಆಗಲೇ ಮುಂದಿನ ಜಾಗ ನೋಡುತ್ತಿರುತ್ತದೆ. ಗೇಟ್ ಸುತ್ತುವ ಸ್ಕೀಯರ್‌ನ ಮೈಯೂ ಹೀಗೇ ಇರುತ್ತದೆ. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಇಷ್ಟು ಹತ್ತಿರ ಇಷ್ಟು ಒಳ್ಳೆಯ ಆಟ ಇರುವಾಗ ನಾವು ವಿದೇಶಿ ಡ್ರಿಲ್‌ಗಳ ವಿಡಿಯೋ ಹುಡುಕುತ್ತಾ ಕೂರುತ್ತೇವೆ.

ಚಕ್ರ ಕಲಿಸಲಾರದ್ದು ಒಂದಿದೆ, ಪಕ್ಕಕ್ಕೆ ಜಾರುವುದು. ಸ್ಕೇಟ್ ಚಕ್ರ ಮುಂದಕ್ಕೆ ಉರುಳುತ್ತದೆಯೇ ಹೊರತು ಅಡ್ಡಡ್ಡ ಸರಿಯುವುದಿಲ್ಲ. ಸ್ಕೀಯಲ್ಲಿ ಅಡ್ಡ ನಿಂತು, ಅಂಚು ಸ್ವಲ್ಪ ಬಿಟ್ಟು ಜಾರಿ, ಮತ್ತೆ ಅಂಚು ಹಿಡಿದು ನಿಲ್ಲುವುದೇ ಬ್ರೇಕು. ಸ್ಕೇಟಿಂಗ್ ಬಲ್ಲ ಮಕ್ಕಳು ಹಿಮದ ಮೇಲೆ ಎರಡೇ ದಿನಕ್ಕೆ ಧೈರ್ಯ ಮಾಡಿ ವೇಗ ಹಿಡಿಯುತ್ತಾರೆ, ನಿಲ್ಲಿಸಲು ಬರುವುದಿಲ್ಲ. ಕೋರ್ಸ್‌ಗೆ ಸೇರಿಸಿದಾಗ ತರಬೇತುದಾರರಿಗೆ ಇದನ್ನು ಮೊದಲೇ ಹೇಳಿ: ಇವಳಿಗೆ ವೇಗ ಬರುತ್ತೆ, ಅಡ್ಡ ಜಾರೋದು ಕಲಿಸಿ. ನಮ್ಮೂರುಗಳ ಸ್ನೋ ಪಾರ್ಕ್‌ಗಳಲ್ಲಿ ಇದು ಆಗುವುದಿಲ್ಲ, ಅವು ಹಿಮ ಎರಚಾಡುವ ಜಾಗಗಳು. ದುಬೈನ ಮಾಲ್‌ನಲ್ಲಿರುವ ಸ್ಕೀ ದುಬೈಯಲ್ಲಿ 400 ಮೀಟರ್‌ನ ನಿಜವಾದ ಇಳಿಜಾರಿದೆ. ಆ ಕಡೆ ನೆಂಟರಿದ್ದರೆ ಸರಿ, ಅದಕ್ಕೋಸ್ಕರವೇ ಹೋಗಬೇಡಿ.

ಹಿಮಕ್ಕೆ ಎಲ್ಲಿಗೆ ಹೋಗುವುದು? ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಗೆ ಸೇರಿದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ, ಉತ್ತರಾಖಂಡದಲ್ಲಿ ಔಲಿ. ಇಂಥ ಸಂಸ್ಥೆಗಳ ಕೋರ್ಸ್‌ಗಳು ಸಾಮಾನ್ಯವಾಗಿ ಎರಡು ವಾರದವು. ವಯಸ್ಸಿನ ಮಿತಿ ಮೊದಲೇ ಕೇಳಿಕೊಳ್ಳಿ. ಖಾಸಗಿ ಕ್ಯಾಂಪ್ ಆದರೆ ಮೂರು ಮಾತು ಕೇಳಿ. ಒಬ್ಬ ತರಬೇತುದಾರನಿಗೆ ಎಷ್ಟು ಮಕ್ಕಳು? ಆರಕ್ಕಿಂತ ಜಾಸ್ತಿ ಅಂದರೆ ಯೋಚಿಸಿ. ಮೇಲೆ ಹತ್ತಲು ಲಿಫ್ಟ್ ಇದೆಯಾ, ಇಲ್ಲ ಸ್ಕೀ ಹೊತ್ತುಕೊಂಡು ನಡೆಯಬೇಕಾ? ನಡೆಯಬೇಕು ಅಂದರೆ ದಿನದ ಅರ್ಧ ಸುಸ್ತಲ್ಲೇ ಹೋಗುತ್ತದೆ. ಮತ್ತೆ, ಬೈಂಡಿಂಗ್ ಯಾರು ಹೊಂದಿಸುತ್ತಾರೆ?

ಈ ಕೊನೆಯ ಪ್ರಶ್ನೆಯಲ್ಲೇ ಅವಳ ಅಜ್ಜಿಗೂ ಉತ್ತರ ಇದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯೇ ಬೈಂಡಿಂಗ್. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದನ್ನು ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಕಲಿತ ಮಟ್ಟ ನೋಡಿ ಪಟ್ಟಿಯ ಪ್ರಕಾರ ಹೊಂದಿಸುತ್ತಾರೆ. ಬಾಡಿಗೆ ಅಂಗಡಿಯವರು ಹಿಂದಿನ ಗಿರಾಕಿಗೆ ಇಟ್ಟದ್ದನ್ನೇ ಹಾಗೇ ಕೊಟ್ಟುಬಿಡುವುದುಂಟು. ಹಿಂದಿನವನು ಎಂಬತ್ತು ಕಿಲೋದ ಗಂಡಸಾಗಿದ್ದರೆ ನಿಮ್ಮ ಮಗಳು ಬಿದ್ದಾಗ ಸ್ಕೀ ಬಿಡುವುದಿಲ್ಲ, ಮೊಣಕಾಲ ಕೆಳಗಿನ ಮೂಳೆ ತಿರುಚುತ್ತದೆ. ಚಿಕ್ಕ ಮಕ್ಕಳಲ್ಲಿ ಹೆದರಬೇಕಾದ್ದು ಆ ಮೂಳೆಗೆ. ಮಂಡಿಯೊಳಗಿನ ಲಿಗಮೆಂಟ್ ಹರಿಯುವ ಅಪಾಯ ಹೆಚ್ಚುವುದು ಹದಿಹರೆಯದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ. ಆ ಗಾಯದಿಂದ ಬೈಂಡಿಂಗ್ ಕಾಪಾಡುತ್ತದೆ ಅಂತ ನಂಬಿಕೊಳ್ಳುವಂತಿಲ್ಲ. ಕಾಪಾಡುವುದು ಈಗಿನಿಂದಲೇ ಮಾಡಿಸುವ ಅಭ್ಯಾಸ. ಮೆಟ್ಟಿಲಿಂದ ನೆಗೆದು ಎರಡೂ ಮಂಡಿ ಪಾದದ ನೇರಕ್ಕೇ ಇರುವ ಹಾಗೆ, ಸದ್ದಿಲ್ಲದೆ ಇಳಿಯುವುದು. ಒಂಟಿ ಕಾಲಲ್ಲಿ ಕುಂಟಾಬಿಲ್ಲೆಯ ಹಾರಾಟ. ದಿನಾ ಹತ್ತು ನಿಮಿಷ ಸಾಕು, ಹಲ್ಲುಜ್ಜುವ ಹಾಗೆ ರೂಢಿಯಾಗಲಿ. ಮಕ್ಕಳಿಗೆ ಡೌನ್‌ಹಿಲ್, ಅಂದರೆ ಬೆಟ್ಟದಿಂದ ಪೂರ್ತಿ ವೇಗದಲ್ಲಿ ಇಳಿಯುವ ರೇಸ್ ಇಲ್ಲ ಅನ್ನುವುದನ್ನೂ ಅಜ್ಜಿಗೆ ಹೇಳಿ. ಟಿ.ವಿ.ಯಲ್ಲಿ ಅವರು ನೋಡಿರಬಹುದಾದ ಆ ಭಯಂಕರ ವೇಗ, 2013ರಲ್ಲಿ ಸ್ವಿಟ್ಜರ್ಲೆಂಡ್‌ನ ವೆಂಗೆನ್‌ನಲ್ಲಿ ಫ್ರಾನ್ಸ್‌ನ ಯೋಹಾನ್ ಕ್ಲಾರೆ ಮುಟ್ಟಿದ ಗಂಟೆಗೆ 161.9 ಕಿ.ಮೀ., ಅದು ದೊಡ್ಡವರ ಲೋಕ.

ಬೂಟಿನ ವಿಷಯದಲ್ಲಿ ನಮ್ಮವರ ಒಂದು ಅಭ್ಯಾಸಕ್ಕೆ ಕತ್ತರಿ ಹಾಕಬೇಕು. ‘ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ’ ಅನ್ನುವುದು ಸ್ಕೂಲ್ ಶೂಗೆ ಸರಿ, ಇಲ್ಲಿ ನಡೆಯದು. ಸ್ಕೀ ಬೂಟಿನ ಒಳಗೆ ಕಾಲು ಆಡಿದರೆ ಮಗು ಸ್ಕೀಗೆ ಏನು ಹೇಳಿದರೂ ಅದಕ್ಕೆ ತಲುಪುವುದಿಲ್ಲ. ಸೈಜು ಇರುವುದು ಪಾದದ ಉದ್ದದ ಮೇಲೆ, ಸೆಂಟಿಮೀಟರ್‌ನಲ್ಲಿ. ಮನೆಯಲ್ಲೇ ಅಳೆದುಕೊಂಡು ಹೋಗಿ. ಒಂದೇ ಒಂದು ತೆಳುವಾದ ಉದ್ದ ಕಾಲುಚೀಲ. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಸ್ಕೀ ಉದ್ದ ಗಲ್ಲ ಮತ್ತು ಮೂಗಿನ ನಡುವೆ ಬಂದರೆ ಸಾಕು. ಎಲ್ಲ ಬಾಡಿಗೆಗೇ ತೆಗೆದುಕೊಳ್ಳಿ. ಕೊಳ್ಳುವುದಾದರೆ ಹೆಲ್ಮೆಟ್ ಮತ್ತು ಗಾಗಲ್ಸ್ ಮಾತ್ರ ಕೊಳ್ಳಿ. ಸೈಕಲ್ ಹೆಲ್ಮೆಟ್, ಸ್ಕೇಟಿಂಗ್ ಹೆಲ್ಮೆಟ್ ಹಾಕಿಸಬೇಡಿ, ಸ್ಕೀಯದೇ ಇರಲಿ.

ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಗುಲ್ಮಾರ್ಗ್ 2,650 ಮೀಟರ್. ತಲುಪಿದ ದಿನ ಸ್ಕೀ ಬೇಡ, ನೀರು ಕುಡಿದು ಮಲಗಲಿ. ಮೋಡ ಇದ್ದರೂ ಸನ್‌ಸ್ಕ್ರೀನ್ ಹಚ್ಚಿ, ಹಿಮ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುತ್ತದೆ. ಗೊಂಡೋಲಾದಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ಅಫರ್ವಾತ್ ಬೆಟ್ಟದ ಮೇಲಕ್ಕೆ ಹೋಗಿ ನೋಡಿಕೊಂಡು ಬನ್ನಿ, ಆದರೆ ಅಲ್ಲಿಂದ ಮಗಳನ್ನು ಸ್ಕೀಯಲ್ಲಿ ಇಳಿಸಬೇಡಿ. ಅಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು.

ಕೊನೆಗೆ ನೀವು ಕೇಳದ, ಆದರೆ ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ: ರಜೆ. ಗುಲ್ಮಾರ್ಗ್‌ನ ಒಳ್ಳೆಯ ಹಿಮ ಜನವರಿ ಫೆಬ್ರವರಿಯಲ್ಲಿ. ನಮ್ಮ ಶಾಲೆಗಳಲ್ಲಿ ಅದು ಪರೀಕ್ಷೆಯ ಸೀಸನ್. ಕ್ರಿಸ್‌ಮಸ್ ರಜೆಯನ್ನು ನಂಬಿ ಟಿಕೆಟ್ ಮಾಡಿಸುವವರು ತುಂಬಾ ಜನ. ಈಚೆಗೆ ಹಿಮವೇ ತಡವಾಗುತ್ತಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. 2025ರಲ್ಲಿ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗ್ ಸ್ಪರ್ಧೆಗಳನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಈಗ ಮಗಳಿಗೆ ಒಂಬತ್ತೇ ಆದ್ದರಿಂದ ಶಾಲೆಯವರ ಹತ್ತಿರ ಮಾತಾಡಿ ಜನವರಿ ಕೊನೆಯಿಂದ ಎರಡು ವಾರ ರಜೆ ಪಡೆಯುವುದು ಸಾಧ್ಯ. ಎಂಟನೆಯ ತರಗತಿ ದಾಟಿದ ಮೇಲೆ ಅದು ಕಷ್ಟ.

ಆಗ ಉಪಯೋಗಕ್ಕೆ ಬರುವವನು ನಿಮ್ಮ ತಮ್ಮ. ನಮ್ಮ ಬೇಸಿಗೆ ರಜೆ ಶುರುವಾಗುವ ಏಪ್ರಿಲ್‌ನಲ್ಲಿ ಗುಲ್ಮಾರ್ಗ್ ಮುಗಿದಿರುತ್ತದೆ, ಆದರೆ ಆಸ್ಟ್ರಿಯಾದ ಹಿಮನದಿಗಳ ಮೇಲೆ ಇನ್ನೂ ಸ್ಕೀಯಿಂಗ್ ನಡೆಯುತ್ತಿರುತ್ತದೆ. ಹಿಂಟರ್‌ಟುಕ್ಸ್‌ನಲ್ಲಂತೂ ವರ್ಷಪೂರ್ತಿ. ಮ್ಯೂನಿಕ್‌ನಿಂದ ಕಾರಿನಲ್ಲಿ ಕೆಲವೇ ಗಂಟೆಗಳ ದಾರಿ. ಉಳಿದುಕೊಳ್ಳಲು ಮಾವನ ಮನೆ ಇದೆ ಅಂದರೆ ದೊಡ್ಡ ಖರ್ಚೊಂದು ತಪ್ಪಿತು. ಮಕ್ಕಳ ಸ್ಕೀ ಶಾಲೆಯ ಗುಂಪಿಗೆ ಒಂದು ವಾರ ಸೇರಿಸಲಿ. ಅಲ್ಲಿ ಐದು ವರ್ಷದ ಪುಟಾಣಿಗಳು ಇವಳನ್ನು ಹಿಂದೆ ಹಾಕಿ ಹೋಗುತ್ತವೆ, ಅದಕ್ಕೆ ಮಗಳನ್ನು ಮೊದಲೇ ತಯಾರು ಮಾಡಿ ಕಳಿಸಿ. ಷೆಂಗೆನ್ ವೀಸಾಕ್ಕೆ ಜನವರಿಯಲ್ಲೇ ಅರ್ಜಿ ಹಾಕಿ. ಪ್ರಯಾಣದ ವಿಮೆ ಕೊಳ್ಳುವಾಗ ಚಳಿಗಾಲದ ಕ್ರೀಡೆ ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ.